ಕೆಂಚಿಯ ಕನ್ನಡಕ, ಕೆರೆಯ ಹೊಳಪು

ಒಂದು ಕಾಡಿನ ನಡುವೆ ದೊಡ್ಡ ಕೆರೆಯಿತ್ತು. ಬಿಸಿಲೇರಿದರೆ ಸಾಕು, ನೀರು ತಳತಳ ಹೊಳೆದು ಕಣ್ಣು ಕುಕ್ಕುತ್ತಿತ್ತು. ಆ ಹೊಳಪಿನ ಅಡಿಯಲ್ಲೇ ಒಂದು ಮೊಸಳೆ ಸದ್ದಿಲ್ಲದೆ ಮಲಗಿರುತ್ತಿತ್ತು. ಅದರ ಗೆಳೆಯ ನರಿ ದಡದಲ್ಲಿ ಕೂತು, "ಬನ್ನಿ ಬನ್ನಿ, ಮೊಸಳೆ ಆಚೆ ದಡಕ್ಕೆ ಹೋಗಿದೆ" ಎಂದು ಬಾಯಾರಿ ಬಂದವರನ್ನು ನೀರಿಗಿಳಿಸುತ್ತಿತ್ತು. ಮೊಸಳೆ ತಿಂದು ಬಿಟ್ಟದ್ದೇ ನರಿಯ ಊಟ.

ಕೆಂಚಿ ಎಂಬ ಕೋತಿಗೆ ನರಿಯ ಮೇಲೆ ಅನುಮಾನ. ಆದರೆ ಮರದ ತುದಿಯಿಂದ ಎಷ್ಟು ಇಣುಕಿದರೂ ಅವಳಿಗೆ ಬರೀ ಹೊಳಪೇ ಕಾಣುತ್ತಿತ್ತು. ಒಂದು ದಿನ, ಕಾಡು ನೋಡಲು ಬಂದವರು ಬೀಳಿಸಿಕೊಂಡು ಹೋದ ತಂಪು ಕನ್ನಡಕ ಅವಳಿಗೆ ಸಿಕ್ಕಿತು. ಮೂಗಿನ ಮೇಲೇರಿಸಿಕೊಂಡು ಕೆರೆಯತ್ತ ನೋಡಿದಳು. ಹೊಳಪು ಮಾಯ! ನೀರೊಳಗಿನ ಪಾಚಿ ಕಂಡಿತು, ಮೀನು ಕಂಡಿತು. ದಡದ ಪಕ್ಕದಲ್ಲೇ ಮೊಸಳೆಯೂ ಕಂಡಿತು!

ಅಷ್ಟರಲ್ಲಿ ಚಿತ್ತಾರಿ ಎಂಬ ಜಿಂಕೆ ತನ್ನ ಮರಿಯೊಂದಿಗೆ ನೀರಿಗೆ ಬಂದಳು.

"ಅಕ್ಕಾ, ನಿಲ್ಲು! ಮೊಸಳೆ ಇಲ್ಲೇ ಇದೆ!" ಕೆಂಚಿ ಕೂಗುತ್ತಾ ಕೆಳಗಿಳಿದಳು.

ನರಿ ನಕ್ಕು ಅವಳ ಕನ್ನಡಕ ಕಿತ್ತುಕೊಂಡಿತು. ಒಂದು ಗಾಜು ಮೇಲೆ, ಇನ್ನೊಂದು ಕೆಳಗೆ ಬರುವಂತೆ ಅದನ್ನು ನೆಟ್ಟಗೆ ನಿಲ್ಲಿಸಿ, ಒಂದು ಗಾಜನ್ನು ಜಿಂಕೆಯ ಕಣ್ಣಿಗೆ ಹಿಡಿಯಿತು. "ನೀನೇ ನೋಡಮ್ಮ. ಏನಾದರೂ ಕಾಣುತ್ತಾ?"

"ಬರೀ ಹೊಳಪು" ಎಂದಳು ಚಿತ್ತಾರಿ. ಮರಿ ನೀರಿನತ್ತ ಹೆಜ್ಜೆಯಿಟ್ಟಿತು.

ಕೆಂಚಿ ಛಂಗನೆ ಹಾರಿದಳು. ಮರಿಗೆ ಅಡ್ಡ ನಿಂತು ಕನ್ನಡಕ ಕಸಿದುಕೊಂಡಳು. ನಿಲ್ಲಿಸಿ ನೋಡಿದಳು, ಹೊಳಪು. ಮಲಗಿಸಿ ನೋಡಿದಳು, ಮೊಸಳೆ!

"ಗೊತ್ತಾಯಿತು ಅಕ್ಕಾ! ನೀರಿಗೆ ಬಡಿದು ಚಿಮ್ಮುವ ಬೆಳಕು ಅಡ್ಡಡ್ಡ ಅಲೆಯುತ್ತಾ ಬರುತ್ತೆ. ಈ ಗಾಜು ನೆಟ್ಟಗೆ ನಿಂತ ಗೂಟಗಳ ಬೇಲಿಯ ಹಾಗೆ. ಅಡ್ಡ ಬಂದದ್ದನ್ನು ತಡೆಯುತ್ತೆ, ಉಳಿದ ಬೆಳಕನ್ನು ಒಳಗೆ ಬಿಡುತ್ತೆ. ನರಿಯಣ್ಣ ಕನ್ನಡಕವನ್ನು ನಿಲ್ಲಿಸಿ, ಒಳಗಿನ ಬೇಲಿಯನ್ನೇ ಅಡ್ಡ ಮಲಗಿಸಿಬಿಟ್ಟ!" ಎಂದು ಕನ್ನಡಕವನ್ನು ಸರಿಯಾಗಿ ಚಿತ್ತಾರಿಯ ಕಣ್ಣಿಗಿಟ್ಟಳು.

ಚಿತ್ತಾರಿ ಮರಿಯನ್ನು ತಳ್ಳಿಕೊಂಡು ಹಿಂದಕ್ಕೆ ಜಿಗಿದಳು.

ನರಿ ತಡವರಿಸಿತು. "ಅದು... ಅದು ಮರದ ದಿಮ್ಮಿ! ಬೇಕಾದರೆ ಮೇಲೆ ನಿಂತು ತೋರಿಸುತ್ತೇನೆ" ಎಂದು ಗೆಳೆಯನನ್ನು ನಂಬಿ ನೀರಿಗಿಳಿಯಿತು. ಬೆಳಗಿನಿಂದ ಹಸಿದಿದ್ದ ಮೊಸಳೆ ಗೆಳೆತನ ನೋಡಲಿಲ್ಲ. ಗಬಕ್ಕೆಂದು ಬಾಯಿ ಹಾಕಿತು. ಅರ್ಧ ಬಾಲ ಅಲ್ಲೇ ಬಿಟ್ಟು ನರಿ ಊಳಿಡುತ್ತಾ ಆ ಕಾಡನ್ನೇ ಬಿಟ್ಟೋಡಿತು.

ಕೆಂಚಿ ದಡದುದ್ದಕ್ಕೂ ನೋಡುತ್ತಾ ಹೋಗಿ, ಮೊಸಳೆ ಸುಳಿಯದ ತಿಳಿನೀರಿನ ಜಾಗ ತೋರಿಸಿದಳು. ತಾಯಿ ಮರಿ ಇಬ್ಬರೂ ಹೊಟ್ಟೆ ತುಂಬ ನೀರು ಕುಡಿದು, ನೆರಳಿನಲ್ಲಿ ಹಾಯಾಗಿ ಮಲಗಿದರು.

ನೀತಿ: ಮೇಲಿನ ಹೊಳಪಿಗೆ ಮರುಳಾಗದೆ ಒಳಗಿರುವುದನ್ನು ನೋಡಬೇಕು, ಇತರರನ್ನು ಮೋಸದ ಬಲೆಗೆ ಬೀಳಿಸುವವನಿಗೆ ತನ್ನ ಜೊತೆಗಾರನಿಂದಲೇ ಕೇಡು ತಪ್ಪದು.