ಒಂದೇ ಒಂದು ಫೋಟಾನು ಬಂದ ಸಂಭ್ರಮ

ಇದು ಲ್ಯಾಬಿನ ಫ್ರಿಜ್ಜೊಂದರಲ್ಲಿ ನಡೆದದ್ದು. ಐಸ್‌ಕ್ರೀಮಿನ ಫ್ರಿಜ್ಜಲ್ಲ ಮತ್ತೆ, ಹಿಮಾಲಯಕ್ಕೂ ಅಲ್ಲಿ ಶಾಲು ಬೇಕು! ಅದರೊಳಗೆ ಒಂಟಿ ಮೈಕ್ರೋವೇವ್ ಫೋಟಾನು, ಅಂದರೆ ಬೆಳಕಿನ ಜಾತಿಯದೇ ಒಂದು ಚಿಟಿಕೆ ಶಕ್ತಿ, ಅಂಜುತ್ತ ಅಂಜುತ್ತ ಬಂತು.

"ಬಾರಯ್ಯ! ನೀನು ಬಂದದ್ದನ್ನು ಸಾವಿರ ಪಟ್ಟು ಜೋರಾಗಿ ಸಾರುತ್ತೇನೆ" ಎಂದಿತು ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಆಂಪ್ಲಿಫೈಯರು.

"ನಮ್ಮಣ್ಣ ಬಂದಾಗಲೂ ಸಾರಿದಿರಿ. ನಿಮ್ಮ ಗದ್ದಲದಲ್ಲಿ ಅವನು ಬಂದದ್ದೇ ಯಾರಿಗೂ ತಿಳಿಯಲಿಲ್ಲ. ನಾನೂ ಹಾಗೇ ಹೋಗಿಬಿಡಬೇಕೆ?"

ಮೂಲೆಯಲ್ಲಿ ತಣ್ಣಗೆ ಕುಳಿತಿದ್ದ, ಕಡು ಚಳಿಯಲ್ಲಿ ಕರೆಂಟನ್ನು ತಡೆಯೇ ಇಲ್ಲದೆ ಹರಿಸುವ ಸೂಪರ್‌ಕಂಡಕ್ಟರ್ ಸರ್ಕ್ಯೂಟು ಹೇಳಿತು: "ಇತ್ತ ಬಾ ಮಗು. ನನಗೆ ಕೂಗಲು ಬರುವುದಿಲ್ಲ. ನೀನು ತಾಕಿದರೆ ಮಗ್ಗುಲು ಬದಲಿಸುತ್ತೇನೆ, ಅಷ್ಟೇ."

ಫೋಟಾನು ತಾಕಿತು. ಸರ್ಕ್ಯೂಟು ಪಟ್ಟನೆ ಮಗ್ಗುಲು ಬದಲಿಸಿತು. ಫೋಟಾನು ಒಂದು ಚೂರೂ ಸವೆಯದೆ ಪುಟಿದು ಆಚೆ ಬಂತು!

"ಸ್ವಾಮಿ, ನಾನು ಮಗ್ಗುಲು ಬದಲಿಸಿದ್ದು ಕಂಡಿರಲ್ಲ, ಈಗ ಕೂಗಿ" ಎಂದಿತು ಸರ್ಕ್ಯೂಟು ಆಂಪ್ಲಿಫೈಯರಿಗೆ.

"ಏನಂತ?"

"ಬಂದ ಅಂತ."

"ಅಷ್ಟೇನಾ?"

"ಅಷ್ಟೇ. ನಿಮ್ಮದೇನೂ ಸೇರಿಸಬೇಡಿ."

ಆಂಪ್ಲಿಫೈಯರು ಕಷ್ಟಪಟ್ಟು ಆ ಒಂದೇ ಮಾತು ಕೂಗಿತು. ಹೊರಗೆ ವಿಜ್ಞಾನಿ ಅಂಬುಜಾಕ್ಷಿ ಕಾಫಿ ಚೆಲ್ಲಿಕೊಂಡು ಕುಣಿದರು: "ಬಂತು ಕಣ್ರೀ, ಒಂದೇ ಒಂದು ಬಂತು!"

"ಅದು ನಾನೇ! ನಾನೇ!" ಎನ್ನುತ್ತ ಫೋಟಾನು ತಂತಿಯುದ್ದಕ್ಕೂ ಓಡಿತು.