ಫೇರಿ ಎಂದರೆ ಯಾರು

ತುಂಗಭದ್ರೆಯ ದಡದಲ್ಲಿ ಮುರಿಗಯ್ಯನವರ ಆಶ್ರಮ. ಕಾವಿ ಉಡುವ ಮುಂಚೆ ಅವರು ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು. ಪುಕ್ಕಟೆ ಯಾರನ್ನೂ ಹೊಗಳುವವರಲ್ಲ.

ಆಚೆ ದಡದಲ್ಲಿ ಆಶ್ರಮದ ಹೊಸ ಶಾಲೆ ಎದ್ದು ನಿಂತಿತ್ತು. ಅಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ತನಗೇ ಸಿಗಬೇಕೆಂದು ಶಿಷ್ಯ ಕೊಟ್ರೇಶ ಎರಡು ವರ್ಷ ನಿಘಂಟು ಅರೆದು ಕುಡಿದಿದ್ದ.

ಪರೀಕ್ಷೆಯ ದಿನ ಗುರುಗಳು ಮಕ್ಕಳ ಕಥೆಪುಸ್ತಕದಿಂದ ಒಂದೇ ಪದ ಕೇಳಿದರು: ಫೇರಿ.

ಕೊಟ್ರೇಶ ಒಂದಕ್ಕೆ ನಾಲ್ಕು ಕೊಟ್ಟ. ಫೇರಿ ಎಂದರೆ ಕಿನ್ನರಿ. ಬೇರೆ ಅಕ್ಷರಗಳಲ್ಲಿ ಬರೆದ ಫೇರಿ, ಕಿನ್ನರಿಯರ ನಾಡು. ಫೇ ಎಂದರೂ ಕಿನ್ನರಿಯೇ. ಹಾಗೇ ಕೇಳಿಸುವ ಇನ್ನೊಂದು ಫೇ ಇದೆ, ಅದರ ಹಳೆಯ ಅರ್ಥ ಸಾವು ಹತ್ತಿರವಾದವರು.

ಗುರುಗಳು ತಲೆದೂಗಲಿಲ್ಲ. ಹೊರಗೆ ಹರಿಗೋಲಿನ ಹನುಮಪ್ಪನ ಮಗಳು ಹುಲಿಗೆಮ್ಮ ಕೂತಿದ್ದಳು, ಒಂಬತ್ತು ವರ್ಷದವಳು. ಅವಳನ್ನು ಒಳಗೆ ಕರೆದು, ಇವಳಿಗೆ ಹೇಳು ಎಂದರು.

ಅವನು ಅದನ್ನೇ ಮತ್ತೊಮ್ಮೆ ಒಪ್ಪಿಸಿದ. ಹುಡುಗಿ ಆಕಳಿಸಿದಳು.

“ಹೆಸರು ಕೂಗಿ ಯಾರೂ ಸೀರಿ ಮಾರಿಲ್ಲ,” ಎಂದರು ಗುರುಗಳು. “ಮಡಿಕಿ ಬಿಚ್ಚಿ ತೊಡಿ ಮ್ಯಾಲೆ ಹಾಸು.”

ಕೊಟ್ರೇಶ ತಡವರಿಸುತ್ತಾ ಶುರು ಮಾಡಿದ. ಚಿಟ್ಟೆಯ ರೆಕ್ಕೆಯವಳು, ಹೆಬ್ಬೆರಳಿನಷ್ಟು ಎತ್ತರ. ಜೋಳದ ಹೊಲದಲ್ಲಿ ಇಬ್ಬನಿ ಕುಡಿಯುತ್ತಾಳೆ. ಮನಸ್ಸು ಬಂದರೆ ವರ ಕೊಡುತ್ತಾಳೆ, ಮನಸ್ಸು ಕೆಟ್ಟರೆ ನಿಮ್ಮ ಎಮ್ಮೆಯ ಹಾಲು ಹಿಂಡಿಕೊಂಡು ಹೋಗುತ್ತಾಳೆ. ಅವಳ ನಾಡಿನಲ್ಲಿ ಮುಪ್ಪಿಲ್ಲ. ಕೊನೆಯ ಫೇಯವರೋ, ಸಾವು ಹತ್ತಿರವಾದವರು, ಆ ನಾಡನ್ನು ಕಂಡವರ ಹಾಗೆ ಕಾರಣವಿಲ್ಲದೆ ನಗುತ್ತಿರುತ್ತಾರೆ.

ಹುಡುಗಿ ನೆಟ್ಟಗೆ ಕೂತಳು.

“ನಮ್ಮಜ್ಜಿ ಹಂಗ ನಗ್ತಾಳ್ರಿ. ಸೋಮವಾರದಿಂದ.”

ಎದ್ದವಳೇ ಮನೆಗೆ ಓಡಿದಳು.

ಕೊಟ್ರೇಶ, ಮಗುವಿಗೆ ಹೇಳಬಾರದ್ದನ್ನು ಹೇಳಿದೆ, ಶಾಲೆ ಕೈತಪ್ಪಿತು ಎಂದ. ಗುರುಗಳು ಎಲೆಅಡಿಕೆ ಮೆಲ್ಲುತ್ತಾ ಕೂತರು.

ಸಂಜೆಗೆ ಹುಲಿಗೆಮ್ಮ ಏದುಸಿರು ಬಿಡುತ್ತಾ ಬಂದಳು. ಮೂರು ದಿನದಿಂದ ಗಂಜಿ ಮುಟ್ಟದ ಅಜ್ಜಿ, ಇವಳು ಹೇಳಿದ ಕಿನ್ನರಿಯ ಕಥೆ ಕೇಳುತ್ತಾ ಅರ್ಧ ಬಟ್ಟಲು ಕುಡಿದಿದ್ದಳಂತೆ. ಅಷ್ಟಕ್ಕೇ ಮುಗಿಯಿತೇ ಎಂದು ಮೊಮ್ಮಗಳನ್ನು ಬೈದು ಅಟ್ಟಿದ್ದಳಂತೆ.

“ಮುಂದೇನಾತು ಕೇಳ್ಕೊಂಡು ಬಾ ಅಂದಾಳ್ರಿ. ಲಗೂ ಹೇಳ್ರಿ, ಅಕಿಗೆ ಪುರುಸೊತ್ತಿಲ್ಲಂತ.”

ಕೊಟ್ರೇಶ ಗುರುಗಳತ್ತ ತಿರುಗಿದ.

“ಅಪ್ಪಾರ, ಮುಂದಿನದು ನಿಘಂಟಿನಾಗ ಇಲ್ರಿ.”

“ಹಂಗಾದ್ರ ಇವತ್ತಿಂದ ನೀ ಮಾಸ್ತರ.”