ಗರಗಸಕ್ಕೆ ಇಟ್ಟ ಕುಂಕುಮ

ಆಯುಧಪೂಜೆಯ ದಿನ ಬಡಗಿ ಕಾಳಾಚಾರಿ ಹತಾರಗಳನ್ನೆಲ್ಲ ಒರೆಸಿ, ಸಾಲಾಗಿಟ್ಟು, ಸುತ್ತಿಗೆಗೂ ಗರಗಸಕ್ಕೂ ಒಂದೇ ಗಾತ್ರದ ಕುಂಕುಮದ ಬೊಟ್ಟಿಟ್ಟು, ಕೈಮುಗಿದು ಮನೆಗೆ ಹೋದ.

ಗರಗಸದ ಹಲ್ಲು ಹರಿತ ಮಾಡುವ ಅರ ಆಗ ಗಂಟಲು ಸರಿಮಾಡಿಕೊಂಡಿತು. "ತಂಗಿ, ಒಳ್ಳೆಯ ದಿನ, ಹೇಳಿಬಿಡುತ್ತೇನೆ. ನಿನ್ನ ಎಡಸಾಲಿನ ಹಲ್ಲುಗಳು ಮೊಂಡಾಗಿವೆ. ಯುಗಾದಿಯಿಂದ ನೋಡುತ್ತಿದ್ದೇನೆ."

ಗರಗಸ ಬೆಚ್ಚಿತು. "ಯುಗಾದಿಯಿಂದಲೇ? ಅಣ್ಣಾ, ಅಂದಿನಿಂದ ನಾನು ಕೊಯ್ದ ಹಲಗೆಯೆಲ್ಲ ಓರೆ. ನನಗೆ ವಯಸ್ಸಾಯಿತು, ಇನ್ನು ಗುಜರಿಗೇ ಅಂದುಕೊಂಡು ಒಳಗೊಳಗೇ ಕೊರಗಿದ್ದೇನೆ!"

"ನಿನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ. ಪೂಜೆಯ ದಿನ ಹೇಳಿದರೆ ಗೌರವವಾಗಿರುತ್ತದೆ ಅನಿಸಿತು," ಎಂದಿತು ಅರ.

"ಸರಿ, ಈಗಲೇ ಉಜ್ಜು."

ಅರ ತಲೆತಗ್ಗಿಸಿತು. "ಇವತ್ತು ಆಗದಲ್ಲ ತಂಗಿ. ಪೂಜೆಗಿಟ್ಟ ಹತಾರ ಇವತ್ತು ಕೆಲಸ ಮಾಡುವಂತಿಲ್ಲ."

ಗರಗಸಕ್ಕೆ ಸಿಟ್ಟು ಬರಬೇಕಿತ್ತು. ಅಣ್ಣನ ಪೆಚ್ಚುಮುಖ ನೋಡಿ ನಗು ಬಂತು.

ಮರುದಿನ ಕೆಲಸ ಶುರುವಾಗುವ ಮುಂಚೆ ಅರ ಆ ಹಲ್ಲುಗಳನ್ನು ನಾಲ್ಕು ಸಲ ಉಜ್ಜಿತು. ಮೊದಲ ಹಲಗೆಯನ್ನು ಗೆರೆ ತಪ್ಪದೆ ಕೊಯ್ದು ಬಂದ ಗರಗಸ ಹೇಳಿತು: "ಕುಂಕುಮ ವರ್ಷಕ್ಕೊಂದು ಸಲ ಸಾಕು ಅಣ್ಣಾ. ನೀನು ಮಾತ್ರ ದಿನಾ ಬಾ."